ಪಿಯುಸಿ ಸೈನ್ಸ್ ಆದಮೇಲೆ ಯಾವ ಡಿಗ್ರಿ? ಕೆಲಸವೂ ಸಿಗಬೇಕು, ವರ್ಕ್ ಫ್ರಂ ಹೋಮೂ ಬೇಕು ಎನ್ನುವವರಿಗೆ

ಸಿಇಟಿ ಫಲಿತಾಂಶ ಬಂದ ದಿನದಿಂದ ಸೀಟು ಹಂಚಿಕೆ ಮುಗಿಯುವ ತನಕ ಓದುಗರು ಕೇಳುವುದು ಹೆಚ್ಚುಕಡಿಮೆ ಎರಡೇ ಪ್ರಶ್ನೆ. ಯಾವ ಬ್ರ್ಯಾಂಚ್ ತೆಗೆದುಕೊಂಡರೆ ಕೆಲಸ ಸಿಗುತ್ತದೆ? ಆ ಕೆಲಸವನ್ನು ಮನೆಯಿಂದ ಮಾಡಬಹುದೇ? ಊರಲ್ಲಿ ತೋಟ-ಗದ್ದೆ ಇರುವವರು, ವಯಸ್ಸಾದ ಅಪ್ಪ-ಅಮ್ಮನನ್ನು ಬಿಟ್ಟು ಬರಲಾಗದವರು, ಮಗಳ ಮುಂದಿನ ದಿನಗಳನ್ನು ಯೋಚಿಸುವ ಪೋಷಕರು ಎರಡನೆಯದನ್ನೇ ಮೊದಲು ಕೇಳುತ್ತಾರೆ.

ಎರಡಕ್ಕೂ ಒಂದು ಬ್ರ್ಯಾಂಚಿನ ಹೆಸರು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದರಿಂದ ಉಪಯೋಗವಿಲ್ಲ. ನೋಡಬೇಕಾದ್ದು ಇದು: ಓದು ಮುಗಿಸಿ ನೀವು ದಿನವಿಡೀ ಯಾವ ವಸ್ತುವಿನ ಜೊತೆ ಕೆಲಸ ಮಾಡುತ್ತೀರಿ? ಆ ವಸ್ತು ಲ್ಯಾಪ್‌ಟಾಪಿನ ಒಳಗಿದೆಯೋ, ಹೊರಗಿದೆಯೋ? ಹೊರಗಿದ್ದರೆ ಅದು ಇರುವಲ್ಲಿಗೆ ನೀವೇ ಹೋಗಬೇಕು. ಕಾಲೇಜು ಎಷ್ಟೇ ದೊಡ್ಡದಿರಲಿ, ಸಂಬಳ ಎಷ್ಟೇ ಇರಲಿ, ಇದು ಬದಲಾಗುವುದಿಲ್ಲ.

ಬ್ರ್ಯಾಂಚ್ ಆಯ್ಕೆಗೆ ಕೂರುವ ಮೊದಲು ಇಷ್ಟು ಕೈಯಲ್ಲಿರಲಿ: ಪಿಯುಸಿ ಅಂಕಪಟ್ಟಿ, ಸಿಇಟಿ ರ‍್ಯಾಂಕ್ (ಕಾಮೆಡ್‌ಕೆ, ಜೆಇಇ ಬರೆದಿದ್ದರೆ ಅವೂ), ನಾಡಕಚೇರಿಯಿಂದ ಪಡೆದ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಕೋಟಾ ಕೇಳಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರ, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರಕಟಿಸಿದ ಕಳೆದ ವರ್ಷದ ಕಟಾಫ್ ಪಟ್ಟಿ, ಮತ್ತು ನಾಲ್ಕು ವರ್ಷಕ್ಕೆ ಮನೆಯವರು ಹೊಂದಿಸಬಹುದಾದ ಹಣದ ಲೆಕ್ಕ. ಹಾಸ್ಟೆಲ್, ಊಟ, ಬಸ್ಸು, ಲ್ಯಾಪ್‌ಟಾಪ್ ಸೇರಿಸಿ ಬರೆಯಿರಿ. ಬರೀ ಕಾಲೇಜು ಫೀಸು ಬರೆದರೆ ಲೆಕ್ಕ ಎರಡನೇ ಸೆಮಿಸ್ಟರಿಗೇ ತಪ್ಪುತ್ತದೆ.

1. 'ಫ್ಲೆಕ್ಸಿಬಲ್' ಅಂದರೆ ನಿಮಗೆ ಏನು, ಅದನ್ನು ಬರೆದುಕೊಳ್ಳಿ

ಈ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಬೇಡಿಕೆಗಳಿವೆ. ಕೆಲಸ ಎಲ್ಲಿಂದಲಾದರೂ ಮಾಡುವಂತಿರಬೇಕು ಎನ್ನುವುದು ಒಂದು. ಜಾಗ ಯಾವುದಾದರೂ ಆಗಲಿ, ಹೊತ್ತು ನನ್ನ ಕೈಯಲ್ಲಿರಬೇಕು ಎನ್ನುವುದು ಇನ್ನೊಂದು. ಎರಡು-ಮೂರು ವರ್ಷ ಬಿಟ್ಟು ಮತ್ತೆ ಸೇರುವಂತಿರಬೇಕು ಎನ್ನುವುದು ಮೂರನೆಯದು. ಬೆಂಗಳೂರಿಗೆ ಹೋಗದೆ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನಲ್ಲಿ ಅಥವಾ ನಮ್ಮ ತಾಲ್ಲೂಕಿನಲ್ಲೇ ದುಡಿಯುವಂತಿರಬೇಕು ಎನ್ನುವುದು ನಾಲ್ಕನೆಯದು.

ನಾಲ್ಕೂ ಒಟ್ಟಿಗೆ ಸಿಗುವ ಕೆಲಸ ಅಪರೂಪ. ಯಾವುದು ಬಿಡಲಾಗದ್ದು ಎಂದು ಮೊದಲೇ ಗುರುತಿಸಿ. ಸಾಫ್ಟ್‌ವೇರ್ ಸಪೋರ್ಟ್ ಕೆಲಸ ಮನೆಯಿಂದ ಮಾಡಬಹುದು, ಆದರೆ ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ಎದ್ದಿರಬೇಕಾದೀತು. ಕಾಲೇಜು ಉಪನ್ಯಾಸಕರಿಗೆ ಮನೆಯಿಂದ ಕೆಲಸವಿಲ್ಲ, ಆದರೆ ಹೊತ್ತು ಗೊತ್ತು, ರಜೆ ಗೊತ್ತು.

ಮತ್ತೊಂದು ಮಾತನ್ನು ಈಗಲೇ ಹೇಳಿಬಿಡುತ್ತೇವೆ. ಕೆಲಸಕ್ಕೆ ಸೇರಿದ ಮೊದಲ ಒಂದೆರಡು ವರ್ಷ ಬಹುತೇಕ ಕಂಪನಿಗಳು ಹೊಸಬರನ್ನು ಕಚೇರಿಗೇ ಕರೆಯುತ್ತವೆ. ಕೋವಿಡ್ ಕಾಲದ ಪೂರ್ತಿ ವರ್ಕ್ ಫ್ರಂ ಹೋಮ್ ಹೋಗಿ ಈಗ ಹಲವೆಡೆ ಹೈಬ್ರಿಡ್ ಇದೆ, ಅಂದರೆ ವಾರದಲ್ಲಿ ಕೆಲವು ದಿನ ಕಚೇರಿ, ಉಳಿದ ದಿನ ಮನೆ. ಡಿಗ್ರಿ ಮುಗಿದ ಮರುದಿನವೇ ತೀರ್ಥಹಳ್ಳಿಯ ಮನೆಯಲ್ಲಿ ಕೂತು ಬೆಂಗಳೂರಿನ ಸಂಬಳ ಎಣಿಸಬಹುದು ಎಂದು ಯಾರಾದರೂ ಹೇಳಿದರೆ ಅವರು ಸೀಟು ಮಾರಲು ಬಂದವರು.

2. ಕೆಲಸದ ವಸ್ತು ಎಲ್ಲಿದೆ ಎಂದು ಬ್ರ್ಯಾಂಚ್‌ವಾರು ನೋಡಿ

ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು.

ಕಂಪ್ಯೂಟರ್ ಸೈನ್ಸ್ ಮತ್ತು ಇನ್ಫರ್ಮೇಶನ್ ಸೈನ್ಸ್‌ನಲ್ಲಿ ಕೆಲಸದ ವಸ್ತು ಕೋಡ್, ಅದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಆದರೂ ಎಲ್ಲ ಹುದ್ದೆಯೂ ಮನೆಗೆ ಬರುವುದಿಲ್ಲ. ಬ್ಯಾಂಕು, ವಿಮೆ, ರಕ್ಷಣಾ ವಲಯದ ಗ್ರಾಹಕರಿಗೆ ಕೆಲಸ ಮಾಡುವ ತಂಡಗಳು 'ಒಡಿಸಿ' (ODC, ಆಫ್‌ಶೋರ್ ಡೆವಲಪ್‌ಮೆಂಟ್ ಸೆಂಟರ್) ಎಂದು ಕರೆಯುವ ಪ್ರತ್ಯೇಕ ಕೋಣೆಯಲ್ಲಿ ಕೂರಬೇಕಾಗಬಹುದು. ಆ ಗ್ರಾಹಕರ ಕೆಲಸಕ್ಕೆಂದೇ ಬೀಗ ಹಾಕಿದ ಜಾಗ ಅದು, ಕೆಲವು ಕಡೆ ಮೊಬೈಲನ್ನೂ ಹೊರಗೇ ಇಟ್ಟು ಒಳಗೆ ಹೋಗಬೇಕು. ಈ ಬ್ರ್ಯಾಂಚಿನಲ್ಲಿ ಸೀಟುಗಳೂ ಹೆಚ್ಚು, ಸ್ಪರ್ಧೆಯೂ ಹೆಚ್ಚು. ಹಾಗಾಗಿ ಡಿಗ್ರಿಯ ಹೆಸರಿಗಿಂತ ನಿಜವಾಗಿ ಪ್ರೋಗ್ರಾಂ ಬರೆಯಲು ಬರುತ್ತದೆಯೇ ಎಂಬುದರ ಮೇಲೆ ಕೆಲಸ ನಿಂತಿದೆ.

ಎಲೆಕ್ಟ್ರಾನಿಕ್ಸ್‌ಗೆ ಎರಡು ಬಾಗಿಲು. ಒಂದು ವಿಎಲ್‌ಎಸ್‌ಐ, ಅಂದರೆ ಚಿಪ್ ವಿನ್ಯಾಸ. ವಿನ್ಯಾಸ ಬರೆಯುವುದು, ವೆರಿಫಿಕೇಶನ್ ಅಂದರೆ ಚಿಪ್ ತಯಾರಿಗೆ ಹೋಗುವ ಮೊದಲೇ ಆ ವಿನ್ಯಾಸ ಸರಿಯಿದೆಯೇ ಎಂದು ಕಂಪ್ಯೂಟರಿನಲ್ಲೇ ಒರೆಹಚ್ಚುವುದು, ಇವೆಲ್ಲ ಕಂಪನಿಯ ಸರ್ವರಿಗೆ ದೂರದಿಂದ ಲಾಗಿನ್ ಆಗಿ ಮಾಡುವ ಕೆಲಸಗಳು. ಇನ್ನೊಂದು ಎಂಬೆಡೆಡ್, ಅಂದರೆ ಯಂತ್ರ ಅಥವಾ ಉಪಕರಣದ ಒಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್. ಇಲ್ಲಿ ಅರ್ಧ ಕೆಲಸ ಮೇಜಿನ ಮೇಲಿನ ಬೋರ್ಡು ಮತ್ತು ಆಸಿಲೋಸ್ಕೋಪಿನ ಜೊತೆ. ಬೋರ್ಡನ್ನು ಮನೆಗೆ ಒಯ್ಯಲು ಬಿಟ್ಟರೆ ಸರಿ, ಬಿಡದಿದ್ದರೆ ಲ್ಯಾಬೇ ಗತಿ. ನಮ್ಮ ಅಂದಾಜಿನಲ್ಲಿ, ಗಣಿತ ಮತ್ತು ಫಿಸಿಕ್ಸ್ ಗಟ್ಟಿಯಿದ್ದು, ಒಳ್ಳೆಯ ಕಾಲೇಜಿನ ಕಂಪ್ಯೂಟರ್ ಸೈನ್ಸ್‌ಗೆ ರ‍್ಯಾಂಕ್ ಸಾಲದವರು ಅದೇ ಕಾಲೇಜಿನ ಎಲೆಕ್ಟ್ರಾನಿಕ್ಸ್ ಹಿಡಿಯುವುದು ಒಳ್ಳೆಯದು. ಇಲ್ಲಿಂದ ಸಾಫ್ಟ್‌ವೇರಿಗೂ ಹೋಗಬಹುದು, ಚಿಪ್ ಕಡೆಗೂ ಹೋಗಬಹುದು. ಕಂಪ್ಯೂಟರ್ ಸೈನ್ಸ್ ಓದಿ ಚಿಪ್ ಕಡೆಗೆ ಬರುವುದು ಕಷ್ಟ.

ಮೆಕ್ಯಾನಿಕಲ್ ಅಂದ ಕೂಡಲೇ ಶಾಪ್ ಫ್ಲೋರ್, ಅಂದರೆ ಕಾರ್ಖಾನೆಯಲ್ಲಿ ಯಂತ್ರಗಳು ಓಡುವ ಜಾಗ ಕಣ್ಣಿಗೆ ಬರುತ್ತದೆ, ಅದು ಮನೆಗೆ ಬರುವ ಕೆಲಸವಲ್ಲ. ಆದರೆ ಕ್ಯಾಡ್ ಮತ್ತು ಸಿಎಇ ಲ್ಯಾಪ್‌ಟಾಪಿನ ಒಳಗಿವೆ. ಕ್ಯಾಡ್ ಎಂದರೆ ಬಿಡಿಭಾಗದ ಮಾದರಿ ಬಿಡಿಸುವುದು. ಸಿಎಇ ಎಂದರೆ ಆ ಭಾಗದ ಮೇಲೆ ಭಾರ ಬಿದ್ದಾಗ, ಬಿಸಿಯಾದಾಗ ಏನಾಗುತ್ತದೆ ಎಂದು ತಯಾರಿಸುವ ಮೊದಲೇ ಲೆಕ್ಕ ಹಾಕುವುದು. ಬರೀ ಕ್ಯಾಡ್ ಕಲಿತರೆ ಸಂಬಳ ಒಂದು ಹಂತದಲ್ಲಿ ನಿಂತುಬಿಡುತ್ತದೆ, ಸಿಎಇಗೆ ಎಂಟೆಕ್ ಮಾಡಿದವರನ್ನು ಕೇಳುವುದು ಹೆಚ್ಚು.

ಎಲೆಕ್ಟ್ರಿಕಲ್‌ನಲ್ಲಿ ಸಬ್‌ಸ್ಟೇಷನ್ ಕೆಲಸ ಜಾಗದಲ್ಲೇ ಆಗಬೇಕು, ವಿನ್ಯಾಸ ಮತ್ತು ಪವರ್ ಸಿಸ್ಟಂ ಲೆಕ್ಕಾಚಾರ ಮೇಜಿನ ಮೇಲೆ ಆಗುತ್ತದೆ. ಕೆಮಿಕಲ್ ಓದಿದವರಿಗೆ ಪ್ಲಾಂಟ್ ಇರುವ ಊರೇ ಊರು.

ಸಿವಿಲ್ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಅದನ್ನು ಈಗ ಬೇಕಿಲ್ಲದ ಬ್ರ್ಯಾಂಚ್ ಎಂಬಂತೆ ಕಾಣುತ್ತಾರೆ. ಸೈಟ್ ಕೆಲಸದಲ್ಲಿ ಹೊತ್ತುಗೊತ್ತು ಇಲ್ಲ, ನಿಜ. ಆದರೆ ಸ್ಟ್ರಕ್ಚರಲ್ ಡಿಸೈನ್, ಎಸ್ಟಿಮೇಟ್, ಜಿಐಎಸ್ ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮತ್ತು ಜಾಗದ ಮಾಹಿತಿ ಜೋಡಿಸುವ ಕೆಲಸ, ಮತ್ತು ಬಿಮ್ ಅಂದರೆ ಕಟ್ಟಡದ ಪೂರ್ತಿ ವಿವರವನ್ನು ಒಂದೇ ಮೂರು ಆಯಾಮದ ಮಾದರಿಯಲ್ಲಿ ಕೂಡಿಸುವ ಕೆಲಸ, ಇವೆಲ್ಲ ಕಚೇರಿ ಅಥವಾ ಮನೆಯಿಂದ ಆಗುತ್ತವೆ. ಅದಕ್ಕಿಂತ ಮುಖ್ಯವಾಗಿ, ನಾಲ್ಕಾರು ವರ್ಷ ಅನುಭವ ಪಡೆದ ಸಿವಿಲ್ ಎಂಜಿನಿಯರ್ ತನ್ನ ತಾಲ್ಲೂಕಿನಲ್ಲೇ ಸ್ವಂತ ಕಚೇರಿ ತೆರೆದು ಪ್ಲಾನ್, ಎಸ್ಟಿಮೇಟ್, ಡಿಸೈನ್ ಮಾಡಿಕೊಡಬಹುದು. ನಾಲ್ಕನೆಯ ಬೇಡಿಕೆಯೇ ನಿಮ್ಮದಾದರೆ, ಅಂದರೆ ಊರು ಬಿಡಲಾಗದಿದ್ದರೆ, ಇದಕ್ಕೆ ಸಾಟಿಯಾದ ಬ್ರ್ಯಾಂಚ್ ಕಡಿಮೆ.

ಬಯೋಟೆಕ್ನಾಲಜಿಯಲ್ಲಿ ಕೆಲಸದ ವಸ್ತುವಿಗೆ ಜೀವ ಇದೆ. ಇನ್‌ಕ್ಯುಬೇಟರ್‌ನಲ್ಲಿ ಬೆಳೆಯುತ್ತಿರುವ ಜೀವಕೋಶಗಳಿಗೆ ಭಾನುವಾರ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಅವು ಬೆಳೆಯುವ ಪೋಷಕ ದ್ರವ ಬದಲಿಸದಿದ್ದರೆ ಸತ್ತುಹೋಗುತ್ತವೆ, ಮೂರು ವಾರದ ಪ್ರಯೋಗ ಮತ್ತೆ ಮೊದಲಿಂದ. ಜೊತೆಗೆ ಸಂಶೋಧನೆಯ ಹುದ್ದೆಗಳು ಎಂಎಸ್ಸಿ ಅಥವಾ ಪಿಎಚ್‌ಡಿ ಕೇಳುತ್ತವೆ. ಜೀವಶಾಸ್ತ್ರ ಇಷ್ಟ, ಆದರೆ ಮನೆಯಿಂದ ಕೆಲಸ ಬೇಕು ಎನ್ನುವವರು ಬಯೋಇನ್ಫರ್ಮ್ಯಾಟಿಕ್ಸ್, ಅಂದರೆ ಜೀವಶಾಸ್ತ್ರದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಕೆಲಸದ ಕಡೆ ನೋಡಬೇಕು, ಅದಕ್ಕೆ ಪ್ರೋಗ್ರಾಮಿಂಗ್ ಮತ್ತು ಸಂಖ್ಯಾಶಾಸ್ತ್ರ ಬಾರದೆ ಆಗದು. ಬಿಫಾರ್ಮ ಮಾಡಿದವರಿಗೆ ಫಾರ್ಮಕೋವಿಜಿಲೆನ್ಸ್ ಎಂಬ ದಾರಿಯಿದೆ: ಮಾರುಕಟ್ಟೆಯಲ್ಲಿರುವ ಔಷಧಗಳ ಅಡ್ಡಪರಿಣಾಮದ ವರದಿಗಳನ್ನು ಓದಿ, ವರ್ಗೀಕರಿಸಿ ದಾಖಲಿಸುವ ಕೆಲಸ, ಪೂರ್ತಿ ಕಂಪ್ಯೂಟರಿನ ಮೇಲೆ.

ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನು ಪೋಷಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೂರದಿಂದ ಮಾಡಬಹುದಾದ ಡೇಟಾ ಕೆಲಸಗಳ ಬೇರು ಇರುವುದೇ ಇಲ್ಲಿ. ವಿಮಾ ಕ್ಷೇತ್ರದ ಆಕ್ಚುರಿ, ಅಂದರೆ ಅಪಾಯದ ಸಂಭವವನ್ನು ಲೆಕ್ಕ ಹಾಕಿ ಪ್ರೀಮಿಯಂ ಎಷ್ಟಿರಬೇಕು ಎಂದು ಹೇಳುವವರು, ಎಸೆಟ್ ಪ್ರವೇಶ ಪರೀಕ್ಷೆ ಪಾಸಾಗಿ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾದ ಪರೀಕ್ಷೆಗಳನ್ನು ಒಂದೊಂದಾಗಿ ಬರೆಯುತ್ತಾ ಹೋಗುತ್ತಾರೆ. ಕೆಲಸ ಮಾಡುತ್ತಲೇ ಬರೆಯಬಹುದು, ಆದರೆ ಎಲ್ಲ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕೇಂದ್ರದಲ್ಲಿ ಬಿಮ್ಯಾಥ್ ಇದೆ. ಗಣಿತ ನಿಜವಾಗಿ ಹಿಡಿಸಿದವರು ಅದರ ಪ್ರವೇಶ ಪರೀಕ್ಷೆಯ ಹಳೆಯ ಪತ್ರಿಕೆ ನೋಡಿ, ಸಿಇಟಿ ಥರದ್ದಲ್ಲ.

3. ಎಷ್ಟು ವರ್ಷ, ಯಾವ ಪದವಿ

ಬಿಇ ನಾಲ್ಕು ವರ್ಷ. ಕರ್ನಾಟಕದಲ್ಲಿ ಬಿಎಸ್ಸಿ, ಬಿಸಿಎ 2024-25ರಿಂದ ಮತ್ತೆ ಮೂರು ವರ್ಷದ ಪದವಿಗಳಾಗಿವೆ. ಬಿಸಿಎ ಮೇಲೆ ಎಂಸಿಎ ಮಾಡಿದರೆ ಐದು ವರ್ಷ. ಹಣ ಕಡಿಮೆಯಿದ್ದು ಪ್ರೋಗ್ರಾಮಿಂಗ್ ಇಷ್ಟವಿರುವವರಿಗೆ, ಸಾಲ ಮಾಡಿ ಹೆಸರಿಲ್ಲದ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಹಿಡಿಯುವುದಕ್ಕಿಂತ ಈ ದಾರಿ ಎಷ್ಟೋ ವಾಸಿ. ಎರಡು ಎಚ್ಚರಿಕೆ: ಕೆಲವು ಕಂಪನಿಗಳು ಬಿಇಯವರಿಗೆ ಮತ್ತು ಬಿಎಸ್ಸಿ-ಬಿಸಿಎಯವರಿಗೆ ಬೇರೆ ಬೇರೆ ಹುದ್ದೆ, ಬೇರೆ ಸಂಬಳ ಇಟ್ಟಿವೆ. ಅಮೆರಿಕದಲ್ಲಿ ಎಂಎಸ್ ಮಾಡುವ ಆಸೆಯಿದ್ದರೆ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಒಟ್ಟು ಹದಿನಾರು ವರ್ಷದ ಓದು ಕೇಳುತ್ತವೆ, ಮೂರು ವರ್ಷದ ಪದವಿ ಅಲ್ಲಿ ಸಾಲದು.

ಐಐಟಿ ಮದ್ರಾಸ್ 2020ರಿಂದ ಡೇಟಾ ಸೈನ್ಸ್‌ನಲ್ಲಿ ಆನ್‌ಲೈನ್ ಪದವಿ ನಡೆಸುತ್ತಿದೆ. ಪಾಠ ಮನೆಯಲ್ಲಿ, ಮುಖ್ಯ ಪರೀಕ್ಷೆಗಳು ಕೇಂದ್ರಕ್ಕೆ ಹೋಗಿ. ಸೇರಲು ಜೆಇಇ ಬೇಡ, ಅವರದೇ ಕ್ವಾಲಿಫೈಯರ್ ಪಾಸಾದರೆ ಸಾಕು. ಮಧ್ಯೆ ನಿಲ್ಲಿಸಿದರೂ ಮುಗಿಸಿದ ಹಂತಕ್ಕೆ ತಕ್ಕ ಡಿಪ್ಲೊಮಾ ಅಥವಾ ಪದವಿ ಸಿಗುತ್ತದೆ. ಎರಡು ಪದವಿಯನ್ನು ಒಟ್ಟಿಗೆ ಮಾಡಲು ಯುಜಿಸಿ 2022ರಲ್ಲಿ ಅನುಮತಿ ಕೊಟ್ಟಿರುವುದರಿಂದ ಬಿಎಸ್ಸಿ ಅಥವಾ ಬಿಇ ಜೊತೆಗೂ ಮಾಡಬಹುದು. ಎಡವುವುದು ಎಲ್ಲಿ ಎಂದರೆ, ಇದರ ಪರೀಕ್ಷೆಯೂ ಕಾಲೇಜಿನ ಇಂಟರ್ನಲ್ಸೂ ಒಂದೇ ವಾರಕ್ಕೆ ಬಿದ್ದಾಗ. ಮೊದಲ ಟರ್ಮಿಗೆ ಒಂದೆರಡೇ ವಿಷಯ ತೆಗೆದುಕೊಳ್ಳಿ. ಇದು ಬಿಎಸ್ ಪದವಿ, ಬಿಟೆಕ್ ಅಲ್ಲ ಎಂಬುದೂ ನೆನಪಿರಲಿ. ಬಿಇ ಅಥವಾ ಬಿಟೆಕ್ ಎಂದೇ ಕೇಳುವ ಅಧಿಸೂಚನೆಗೆ ನಡೆಯದು.

ಅಂಚೆ ಮೂಲಕ ಬಿಇ ಎಂದು ಯಾರಾದರೂ ಕರಪತ್ರ ಕೊಟ್ಟರೆ ಅಲ್ಲಿಗೇ ಬಿಡಿ. ದೂರಶಿಕ್ಷಣದ ಎಂಜಿನಿಯರಿಂಗ್ ಪದವಿ ಸಲ್ಲದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ.

4. ಬ್ರ್ಯಾಂಚಿನ ಉದ್ದ ಹೆಸರಿಗೆ ಮರುಳಾಗಬೇಡಿ

ಆರ್ಟಿಫಿಷಿಯಲ್ ಇಂಟೆಲಿಜೆನ್ಸ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಐಒಟಿ: ಕಂಪ್ಯೂಟರ್ ಸೈನ್ಸ್‌ಗೆ ಈಗ ಬಾಲಗಳು ಹಲವು. ಸಿಲಬಸ್ ತೆರೆದು ಮೂರರಿಂದ ಆರನೇ ಸೆಮಿಸ್ಟರ್ ತನಕ ನೋಡಿ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಕಂಪ್ಯೂಟರ್ ನೆಟ್‌ವರ್ಕ್, ಅಲ್ಗಾರಿದಂ, ಈ ಐದೂ ಲ್ಯಾಬ್ ಸಮೇತ ಇದ್ದರೆ ಬಾಲ ಯಾವುದಾದರೂ ತೊಂದರೆಯಿಲ್ಲ. ಇವುಗಳಲ್ಲಿ ಎರಡನ್ನು ತೆಗೆದು ಆ ಜಾಗಕ್ಕೆ 'ಪರಿಚಯ' ಎಂದು ಶುರುವಾಗುವ ವಿಷಯ ತುಂಬಿದ್ದರೆ ಬಿಡಿ. ಇಂದಿನ ಟೂಲ್ ನಾಲ್ಕು ವರ್ಷಕ್ಕೆ ಹಳತಾಗುತ್ತದೆ, ಈ ಐದು ಆಗುವುದಿಲ್ಲ.

ಸರ್ಕಾರಿ ಕೆಲಸದ ಯೋಚನೆಯಿದ್ದರೆ ಹೆಸರು ಇನ್ನೂ ಮುಖ್ಯ. ಅಧಿಸೂಚನೆಗಳು ಬ್ರ್ಯಾಂಚನ್ನು ಹೆಸರಿಟ್ಟು ಕೇಳುತ್ತವೆ. ಯುಪಿಎಸ್‌ಸಿಯ ಎಂಜಿನಿಯರಿಂಗ್ ಸರ್ವೀಸ್ ಪರೀಕ್ಷೆ ಇರುವುದು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಮತ್ತು ಟೆಲಿಕಮ್ಯುನಿಕೇಶನ್ ಈ ನಾಲ್ಕಕ್ಕೆ ಮಾತ್ರ, ಕಂಪ್ಯೂಟರ್ ಸೈನ್ಸ್‌ಗೆ ಪತ್ರಿಕೆಯೇ ಇಲ್ಲ.

5. ಪ್ಲೇಸ್‌ಮೆಂಟ್ ಅಂಕಿಗಳನ್ನು ಬಿಡಿಸಿ ಓದಿ

ಕಾಲೇಜಿನ ಗೇಟಿನ ಬ್ಯಾನರಿನಲ್ಲಿರುವ ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬ ವಿದ್ಯಾರ್ಥಿಯದು. ನೀವು ಕೇಳಬೇಕಾದ್ದು ನಾಲ್ಕು: ನಿಮ್ಮ ಬ್ರ್ಯಾಂಚಿನಲ್ಲಿ ಎಷ್ಟು ಜನ ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು, ಅವರಲ್ಲಿ ಎಷ್ಟು ಜನಕ್ಕೆ ತಮ್ಮ ಬ್ರ್ಯಾಂಚಿನದೇ ಕೆಲಸ ಸಿಕ್ಕಿತು. ಮೀಡಿಯನ್ ಎಂದರೆ ಎಲ್ಲರ ಸಂಬಳವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದಾಗ ನಡುವೆ ಬರುವ ಸಂಖ್ಯೆ. ಸರಾಸರಿ ಬೇಡ, ಇಬ್ಬರ ನಲವತ್ತು ಲಕ್ಷ ಇಡೀ ತರಗತಿಯ ಸರಾಸರಿಯನ್ನು ಮೇಲೆತ್ತಿಬಿಡುತ್ತದೆ. 'ಆಫರ್' ಮತ್ತು 'ವಿದ್ಯಾರ್ಥಿ' ಬೇರೆ ಎಂಬುದನ್ನೂ ಮರೆಯಬೇಡಿ. 120 ಜನರ ಬ್ರ್ಯಾಂಚಿನಲ್ಲಿ 150 ಆಫರ್ ಎಂದರೆ ಎಲ್ಲರಿಗೂ ಸಿಕ್ಕಿತು ಎಂದಲ್ಲ. ಮೂವತ್ತು ಜನಕ್ಕೆ ಮೂರು ಮೂರು, ಅರವತ್ತು ಜನಕ್ಕೆ ಒಂದೊಂದು ಸಿಕ್ಕಿದ್ದರೂ 150 ಆಗುತ್ತದೆ, ಮೂವತ್ತು ಜನ ಬರಿಗೈಯಲ್ಲೇ ಇರುತ್ತಾರೆ.

ಸಿಟಿಸಿಯನ್ನೂ ಬಿಡಿಸಬೇಕು. ಅದು ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ನಿಮ್ಮ ಕೈಗೆ ಬರುವ ಸಂಬಳವಲ್ಲ. 6 ಲಕ್ಷದ ಆಫರ್ ಅಂದುಕೊಳ್ಳಿ. ಅದರಲ್ಲಿ 60,000 ವೇರಿಯಬಲ್, ಅಂದರೆ ಕಂಪನಿಯ ಮತ್ತು ನಿಮ್ಮ ಸಾಧನೆ ನೋಡಿ ಕೊಟ್ಟರೆ ಕೊಡುವ ಹಣ. ಪಿಎಫ್‌ಗೆ ಕಂಪನಿಯ ಪಾಲು ತಿಂಗಳಿಗೆ 1,800ರಂತೆ 21,600. ಮೂಲವೇತನ 3 ಲಕ್ಷವಿದ್ದರೆ ಗ್ರಾಚ್ಯುಟಿ, ಅಂದರೆ ಮುಂದೆ ಕೆಲಸ ಬಿಡುವಾಗ ಕೊಡಲೆಂದು ಲೆಕ್ಕ ಹಾಕಿಡುವ ಹಣ, ಸುಮಾರು 14,400. ಇವು ಹೋದರೆ 5,04,000. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 21,600, ವೃತ್ತಿ ತೆರಿಗೆ 2,500 ಕಳೆಯಿರಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 40,000. ಬೆಂಗಳೂರಿನ ಪಿಜಿ, ಊಟ, ಓಡಾಟದ ಖರ್ಚನ್ನು ಇದರ ಎದುರಿಗೆ ಇಟ್ಟು ನೋಡಿ. ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಹೋಗಿಬರುವ 30,000ದ ಕೆಲಸ ಅಷ್ಟೇನೂ ಕಡಿಮೆಯಲ್ಲ ಎಂಬುದು ಆಗ ಗೊತ್ತಾಗುತ್ತದೆ.

6. ಆಪ್ಷನ್ ಎಂಟ್ರಿ

ಬೇಕಾದ ಕಾಲೇಜು-ಬ್ರ್ಯಾಂಚ್ ಜೋಡಿಗಳನ್ನು ಇಷ್ಟದ ಕ್ರಮದಲ್ಲಿ ಕೆಇಎ ಜಾಲತಾಣದಲ್ಲಿ ತುಂಬುವುದೇ ಆಪ್ಷನ್ ಎಂಟ್ರಿ. ಮೊದಲು ಕಟಾಫ್ ಪಟ್ಟಿಯಲ್ಲಿ ನಿಮ್ಮ ಕಾಲಂ ಯಾವುದು ಎಂದು ಗುರುತಿಸಿ. ಜಿಎಂ ಎಂದರೆ ಸಾಮಾನ್ಯ, ಜಿಎಂಕೆ ಕನ್ನಡ ಮಾಧ್ಯಮ, ಜಿಎಂಆರ್ ಗ್ರಾಮೀಣ. ಅದೇ ರೀತಿ 2ಎಜಿ, 2ಎಕೆ, 2ಎಆರ್ ಹೀಗೆ ಪ್ರತಿ ವರ್ಗಕ್ಕೂ ಮೂರು. ಕಲ್ಯಾಣ ಕರ್ನಾಟಕದವರ 371(ಜೆ) ಸೀಟುಗಳ ಕಟಾಫ್ ಬೇರೆಯೇ ಇರುತ್ತದೆ. ನಿಮ್ಮ ರ‍್ಯಾಂಕಿಗಿಂತ ಸ್ವಲ್ಪ ಮೇಲಿನಿಂದ ಹಿಡಿದು ಸಾಕಷ್ಟು ಕೆಳಗಿನ ತನಕ ಕಾಲೇಜು-ಬ್ರ್ಯಾಂಚ್ ಜೋಡಿಗಳನ್ನು ಬರೆದುಕೊಳ್ಳಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ವಿನಾಯಿತಿ ಇರುವ ಎಸ್‌ಎನ್‌ಕ್ಯೂ ಸೀಟುಗಳಿವೆ. ಅರ್ಜಿ ತುಂಬುವಾಗಲೇ ಇದನ್ನು ಕೇಳಿರಬೇಕು, ಆಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ಕ್ರಮಾಂಕದಲ್ಲಿ. 'ಇದು ಹೇಗೂ ಸಿಗುತ್ತೆ, ಮೇಲೆ ಹಾಕಿಬಿಡೋಣ' ಎಂದು ಸುಲಭದ ಕಾಲೇಜನ್ನು ಒಂದನೇ ಸ್ಥಾನಕ್ಕೆ ಹಾಕುತ್ತಾರೆ. ಗಣಕ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲು ಸಿಕ್ಕ ಸೀಟನ್ನು ಕೊಟ್ಟು ಅಲ್ಲೇ ನಿಲ್ಲುತ್ತದೆ. ಕೆಳಗಿರುವ ಒಳ್ಳೆಯ ಕಾಲೇಜನ್ನು ನೋಡುವುದೇ ಇಲ್ಲ. ಆದ್ದರಿಂದ ಸಿಗುತ್ತದೋ ಇಲ್ಲವೋ ಎಂದು ಯೋಚಿಸದೆ, ಹೆಚ್ಚು ಬೇಕಾದ್ದು ಮೇಲೆ, ಕಡಿಮೆ ಬೇಕಾದ್ದು ಕೆಳಗೆ. ಸಿಕ್ಕರೂ ಸೇರುವುದಿಲ್ಲ ಎನ್ನುವ ಕಾಲೇಜನ್ನು ಪಟ್ಟಿಗೇ ಸೇರಿಸಬೇಡಿ. ಅಣಕು ಹಂಚಿಕೆ, ಅಂದರೆ ನಿಜವಾದ ಹಂಚಿಕೆಗೆ ಮೊದಲು ಯಾವ ಸೀಟು ಸಿಗಬಹುದು ಎಂದು ತೋರಿಸುವ ಪ್ರಯೋಗ, ಇರುವುದು ಈ ಕ್ರಮವನ್ನು ತಿದ್ದಿಕೊಳ್ಳಲೆಂದೇ.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. ಒಂದನೆಯದು ಒಪ್ಪಿ ಸೇರುವುದು. ಎರಡನೆಯದು ಇದನ್ನು ಹಿಡಿದುಕೊಂಡೇ ಮೇಲಿನ ಆಯ್ಕೆಗೆ ಕಾಯುವುದು. ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ, ವಾಪಸ್ ಕೇಳುವಂತಿಲ್ಲ. ಹಾಗಾಗಿ ಈಗಿನ ಸೀಟಿಗಿಂತ ನಿಜಕ್ಕೂ ಹೆಚ್ಚು ಬೇಕಾದವನ್ನು ಮಾತ್ರ ಮೇಲೆ ಉಳಿಸಿ, ಉಳಿದವನ್ನು ಅಳಿಸಿ. ಮೂರನೆಯದು ಈ ಸೀಟು ಬೇಡ, ಮುಂದಿನ ಸುತ್ತು ನೋಡುತ್ತೇನೆ ಎನ್ನುವುದು. ಆಗ ಕೈಯಲ್ಲಿದ್ದದ್ದೂ ಹೋಗುತ್ತದೆ. ನಾಲ್ಕನೆಯದು ಪೂರ್ತಿ ಹೊರಬರುವುದು. ಎರಡು ಮತ್ತು ಮೂರರ ನಡುವೆ ಗೊಂದಲ ಮಾಡಿಕೊಂಡು ಸೀಟು ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಆ ವರ್ಷದ ಕೆಇಎ ಪ್ರಕಟಣೆಯನ್ನು ಸ್ವತಃ ಓದಿ. ಪಾಸ್‌ವರ್ಡ್, ಓಟಿಪಿಯನ್ನು ಸೈಬರ್ ಸೆಂಟರಿನವರ ಕೈಗೆ ಕೊಟ್ಟು ಟೀ ಕುಡಿಯಲು ಹೋಗಬೇಡಿ.

7. ಓದುವಾಗ ಮತ್ತು ಕೆಲಸಕ್ಕೆ ಸೇರುವಾಗ

ಮನೆಯಿಂದ ಕೆಲಸ ಮಾಡಲು ಬಿಡುವುದು ಬರೆದು ವಿವರಿಸಲು ಬಲ್ಲವರನ್ನು. ಎದುರಿಗೆ ಇಲ್ಲದ ಮನುಷ್ಯನ ಕೆಲಸ ಕಾಣುವುದು ಅವನ ಮೇಲ್, ದಾಖಲೆ, ಕೋಡಿನ ಟಿಪ್ಪಣಿಗಳಲ್ಲಿ. ಆದ್ದರಿಂದ ಎರಡನೇ ವರ್ಷದಿಂದಲೇ ಗಿಟ್, ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ವ್ಯವಸ್ಥೆಯಲ್ಲಿ ಕೆಲಸ ಇಡುವುದು, ಪ್ರತಿ ಪ್ರಾಜೆಕ್ಟಿಗೂ ಒಂದು ಪುಟದ ವಿವರಣೆ ಇಂಗ್ಲಿಷಿನಲ್ಲಿ ಬರೆಯುವುದು ರೂಢಿಯಾಗಲಿ. ದುಡ್ಡು ಕೊಟ್ಟು ಕೊಂಡ ಪ್ರಾಜೆಕ್ಟು ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ.

ಹೆರಿಗೆ ರಜೆ 26 ವಾರ ಎಂಬುದು 2017ರ ತಿದ್ದುಪಡಿಯಿಂದ ಬಂದ ಹಕ್ಕು. ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡುವ ಮಾತೂ ಅಲ್ಲಿದೆ, ಆದರೆ ಅದು ಕೆಲಸದ ಸ್ವರೂಪ ನೋಡಿಕೊಂಡು ಕಂಪನಿ ಮತ್ತು ಉದ್ಯೋಗಿ ಮಾಡಿಕೊಳ್ಳುವ ಒಪ್ಪಂದ. ಕಂಪನಿ ಕೊಡಲೇಬೇಕು ಎಂದಿಲ್ಲ.

ಆಫರ್ ಲೆಟರ್ ಕೈಗೆ ಬಂದಾಗ ಸಂಬಳದ ಸಾಲಿನ ಆಚೆಗೆ ಮೂರು ಜಾಗ ನೋಡಿ. ಕೆಲಸದ ಸ್ಥಳ ಯಾವುದು ಎಂದು ಬರೆದಿದ್ದಾರೆಯೇ, 'ಭಾರತದ ಯಾವುದೇ ಕಚೇರಿ' ಎಂದಿದೆಯೇ? ಬಾಂಡ್ ಇದೆಯೇ, ಅಂದರೆ ಇಂತಿಷ್ಟು ವರ್ಷದೊಳಗೆ ಬಿಟ್ಟರೆ ಹಣ ಕಟ್ಟಬೇಕೆಂಬ ಷರತ್ತು? ಹೊರಗಿನ ಬೇರೆ ಯಾವ ಕೆಲಸವನ್ನೂ ಮಾಡಬಾರದು ಎಂಬ ಸಾಲು ಇದೆಯೇ? ಸಂಜೆ ಹೊತ್ತು ಫ್ರೀಲ್ಯಾನ್ಸ್ ಮಾಡುವ ಯೋಚನೆಯಿದ್ದವರಿಗೆ ಕೊನೆಯದು ಅಡ್ಡ ಬರುತ್ತದೆ. ಎಚ್‌ಆರ್ ಫೋನಿನಲ್ಲಿ 'ಆರು ತಿಂಗಳಾದ ಮೇಲೆ ಮನೆಯಿಂದ ಮಾಡಬಹುದು' ಎಂದರೆ, ಅದೇ ಮಾತನ್ನು ಮೇಲ್‌ನಲ್ಲಿ ಕಳಿಸಿ ಎಂದು ವಿನಯದಿಂದಲೇ ಕೇಳಿ.